ಇಂಟರಪ್ಟ್ ಒಳಗೆ ಫ್ಲೋಟ್ ಲೆಕ್ಕ

ಇಂಟರಪ್ಟ್ ಹ್ಯಾಂಡ್ಲರ್‌ನಲ್ಲಿ ಫ್ಲೋಟಿಂಗ್ ಪಾಯಿಂಟ್ ಲೆಕ್ಕ ಮಾಡಕೂಡದು ಎಂಬ ಕಟ್ಟುಪಾಡು ಎಂಬೆಡೆಡ್ ಪ್ರೋಗ್ರಾಮರ್‌ಗಳಲ್ಲಿ ಬಹುಕಾಲದಿಂದ ಬೇರೂರಿದೆ. ಲೆಕ್ಕ ನಿಧಾನ ಎನ್ನುವುದು ಅದಕ್ಕೆ ಹೇಳುವ ಕಾರಣ. ಅದಕ್ಕಿಂತ ಗಂಭೀರವಾದದ್ದು ರಿಜಿಸ್ಟರ್‌ಗಳ ಪ್ರಶ್ನೆ. ಇಂಟರಪ್ಟ್ ಬಂದಾಗ ನಡೆಯುತ್ತಿದ್ದ ಕೆಲಸದ ಅರೆಬರೆ ಉತ್ತರಗಳು ಫ್ಲೋಟ್ ರಿಜಿಸ್ಟರ್‌ಗಳಲ್ಲೇ ಉಳಿದಿರುತ್ತವೆ. ಅವನ್ನು ಎತ್ತಿಡದೆ ಹ್ಯಾಂಡ್ಲರ್ ತನ್ನ ಲೆಕ್ಕ ಹೂಡಿದರೆ, ಮತ್ತೆ ಶುರುವಾದ ಕೆಲಸ ಕೆಟ್ಟ ಅಂಕಿಯನ್ನೇ ನಂಬಿ ಮುಂದೆ ಸಾಗುತ್ತದೆ. ಇಂಟರಪ್ಟ್ ಸರಿಯಾಗಿ ಆ ಗಳಿಗೆಗೇ ಬಂದರಷ್ಟೇ ತಪ್ಪು ತಲೆ ಎತ್ತುವುದರಿಂದ ಅದನ್ನು ಹಿಡಿಯುವುದು ಬಲು ಕಷ್ಟ.

ಆರ್ಮ್ ಕಂಪನಿಯ ಕಾರ್ಟೆಕ್ಸ್-ಎಂ4 ಈ ಹೊಣೆಯನ್ನು ಹಾರ್ಡ್‌ವೇರ್‌ಗೇ ವಹಿಸಿದೆ. ಸಾಮಾನ್ಯ ಇಂಟರಪ್ಟ್‌ಗೆ ಅದು ಸ್ಟ್ಯಾಕ್‌ನಲ್ಲಿ 32 ಬೈಟ್ ಬಳಸುತ್ತದೆ. ನಿಂತ ಕೆಲಸ ಫ್ಲೋಟ್ ಮುಟ್ಟಿದ್ದರೆ ಎಸ್0ರಿಂದ ಎಸ್15ರವರೆಗಿನ ರಿಜಿಸ್ಟರ್‌ಗಳೂ ಸ್ಥಿತಿ ರಿಜಿಸ್ಟರೂ ಸೇರಿ 104 ಬೈಟ್ ಬೇಕಾಗುತ್ತದೆ. ಎಸ್16ರಿಂದ ಮುಂದಿನವನ್ನು ಬಳಸುವುದಾದರೆ ಅವನ್ನು ಉಳಿಸುವ ಕೋಡನ್ನು ಕಂಪೈಲರ್ ಸೇರಿಸುತ್ತದೆ. ಎಲ್ಲವನ್ನೂ ಆಗಲೇ ಬರೆದಿಟ್ಟರೆ ಹ್ಯಾಂಡ್ಲರ್ ಶುರುವಾಗಲು 29 ಸೈಕಲ್ ಹಿಡಿಯುತ್ತದೆ. ಅದಕ್ಕೇ ಲೇಜಿ ಸ್ಟ್ಯಾಕಿಂಗ್ ಎಂಬ ಏರ್ಪಾಡು: ಮೊದಲು ಜಾಗ ಮಾತ್ರ ಕಾದಿರಿಸಿ 12 ಸೈಕಲ್‌ನಲ್ಲೇ ಒಳಹೋಗುತ್ತದೆ, ಹ್ಯಾಂಡ್ಲರ್ ಮೊದಲ ಫ್ಲೋಟ್ ಸೂಚನೆಗೆ ಬಂದಾಗಷ್ಟೇ ರಿಜಿಸ್ಟರ್‌ಗಳು ಸ್ಟ್ಯಾಕ್‌ಗೆ ಇಳಿಯುತ್ತವೆ. ನಿಜಕ್ಕೂ ಮೆಚ್ಚಬೇಕಾದ ವಿನ್ಯಾಸ ಇದು. ಆದರೆ ಉಳಿಯುವುದು ಸಮಯವೇ ಹೊರತು ಸ್ಟ್ಯಾಕ್ ಅಲ್ಲ. ಫ್ಲೋಟ್ ಮುಟ್ಟದ ಹ್ಯಾಂಡ್ಲರ್‌ಗೂ ಆ 104 ಬೈಟ್ ಹೋಗಿಯೇ ಹೋಗುತ್ತದೆ. ಫ್ಲೋಟ್ ಬಳಸುವ ಇಂಟರಪ್ಟ್‌ಗಳು ಒಂದರೊಳಗೊಂದು ಬಂದರೆ ಪ್ರತಿ ಹಂತಕ್ಕೂ ಅಷ್ಟಷ್ಟು. ಸ್ಟ್ಯಾಕ್ ಅಳತೆ ಹಾಕುವಾಗ ಹೆಚ್ಚಾಗಿ ಮರೆತುಹೋಗುವುದು ಇದೇ.

168 ಮೆಗಾಹರ್ಟ್ಸ್ ಚಿಪ್ಪಿನಲ್ಲಿ 20 ಕಿಲೋಹರ್ಟ್ಸ್ ವೇಗದ ಮೋಟಾರ್ ನಿಯಂತ್ರಣ ನಡೆಸಿದರೆ ಒಂದೊಂದು ಸುತ್ತಿಗೆ 8,400 ಸೈಕಲ್ ಸಿಗುತ್ತದೆ. ಕೂಡಿಕೆ, ಗುಣಾಕಾರಕ್ಕೆ ಒಂದೊಂದು, ಭಾಗಾಕಾರಕ್ಕೆ 14. ಇಂಥಲ್ಲಿ ಹಳೆಯ ಕಟ್ಟುಪಾಡಿಗೆ ಜೋತುಬೀಳುವ ಅಗತ್ಯವಿಲ್ಲ.

ಪೆಟ್ಟು ಬೀಳುವುದು ಬೇರೆಡೆ. ಎಂ4ನ ಹಾರ್ಡ್‌ವೇರ್‌ಗೆ 32 ಬಿಟ್ ಫ್ಲೋಟ್ ಮಾತ್ರ ಗೊತ್ತು. ಸಿ ಭಾಷೆಯಲ್ಲಿ 0.1 ಎಂದಷ್ಟೇ ಬರೆದರೆ ಅದು ಅದಕ್ಕಿಂತ ದೊಡ್ಡ ಅಳತೆಯ ಡಬಲ್. ಕೊನೆಗೆ ‘ಎಫ್’ ಅಕ್ಷರ ಬಿಟ್ಟುಹೋದರೆ ಇಡೀ ಗುಣಾಕಾರ ಸಾಫ್ಟ್‌ವೇರ್ ಲೈಬ್ರರಿಗೆ ಹೋಗಿ ಹತ್ತಾರು ಪಟ್ಟು ನಿಧಾನವಾಗುತ್ತದೆ. ಜಿಸಿಸಿ ಕಂಪೈಲರ್‌ನಲ್ಲಿ ಡಬಲ್-ಪ್ರಮೋಷನ್ ಎಚ್ಚರಿಕೆಯನ್ನು ಆನ್ ಮಾಡಿಟ್ಟರೆ ಇದು ಸಿಕ್ಕಿಬೀಳುತ್ತದೆ. ಸೈನ್, ಕೊಸೈನ್‌ಗಳ ಕಥೆಯೂ ಹಗುರವಲ್ಲ: ಕೊಟ್ಟ ಅಂಕಿಗೆ ತಕ್ಕಂತೆ ಅವು ಹಿಡಿಯುವ ಸಮಯ ಬದಲಾಗುತ್ತದೆ, ರಿಯಲ್-ಟೈಮ್ ಕೆಲಸಕ್ಕೆ ಬೇಕಾದದ್ದು ಗರಿಷ್ಠ ಸಮಯದ ಖಾತ್ರಿ. ಆದ್ದರಿಂದ ಹ್ಯಾಂಡ್ಲರ್‌ನಲ್ಲಿ ಮೊದಲೇ ಸಿದ್ಧಪಡಿಸಿದ ಕೋಷ್ಟಕವೇ ಲೇಸು.

ಫ್ಲೋಟ್ ಲೆಕ್ಕದ ಹಾರ್ಡ್‌ವೇರ್ (ಎಫ್‌ಪಿಯು) ಇಲ್ಲದ ಕಾರ್ಟೆಕ್ಸ್-ಎಂ0ದಂಥ ಚಿಪ್ಪಿನಲ್ಲಿ ಮಾತ್ರ ಹಳೆಯ ಮಾತೇ ಸರಿ. ಅಲ್ಲಿ ಹ್ಯಾಂಡ್ಲರ್ ಭಿನ್ನಾಂಕವನ್ನು ಪೂರ್ಣಾಂಕದ ರೂಪದಲ್ಲಿ ಇಡುವ ಕ್ಯೂ15 ಮಾದರಿಯ ಲೆಕ್ಕ ಮಾಡಬೇಕು, ಇಲ್ಲವೇ ಸೆನ್ಸರ್‌ನ ಅಂಕಿಯನ್ನು ಬಫರ್‌ಗೆ ಹಾಕಿ ಉಳಿದದ್ದನ್ನು ಟಾಸ್ಕ್‌ಗೆ ಬಿಡಬೇಕು.