ಕಿಟೆಲ್ ಓದಿದ ಕನ್ನಡ, ನಾವು ಓದುವ ಇಂಗ್ಲಿಷು

ಧಾರವಾಡದ ಸಪ್ತಾಪುರದಲ್ಲಿ ಸಂಜೆ ಹೊತ್ತು ನಡೆದರೆ ಕೋಚಿಂಗ್ ಕ್ಲಾಸುಗಳ ಬೋರ್ಡುಗಳ ನಡುವೆ ಇಂಗ್ಲಿಷ್ ಮಾತು ಕಲಿಸುವವರ ಬೋರ್ಡುಗಳೂ ಕಣ್ಣಿಗೆ ಬೀಳುತ್ತವೆ. ಹಳ್ಳಿಯಿಂದ ಓದಲು ಬಂದ ಹುಡುಗ ಹುಡುಗಿಯರು ನನ್ನನ್ನು ಕೇಳುವ ಪ್ರಶ್ನೆ ಮಾತ್ರ ಸ್ವಲ್ಪ ಬೇರೆ: "ಸರ, ಪುಸ್ತಕಾ ಓದಿದ್ರ ಇಂಗ್ಲಿಷ್ ಬರತದೇನ್ರಿ?" ಈ ಪ್ರಶ್ನೆಯ ಹಿಂದೆ ಎರಡು ಕಾರಣಗಳಿವೆ. ಕ್ಲಾಸಿಗೆ ಕೊಡಲು ರೊಕ್ಕ ಇಲ್ಲದಿರುವುದು ಒಂದು. ನಾಲ್ಕು ಜನರ ಎದುರು ತಪ್ಪು ಮಾತಾಡಿ ನಗೆಪಾಟಲಾಗುವ ಅಂಜಿಕೆ ಇನ್ನೊಂದು. ಪುಸ್ತಕ ಯಾರನ್ನೂ ನೋಡಿ ನಗುವುದಿಲ್ಲ.

ಉತ್ತರ ಹುಡುಕಲು ಸಪ್ತಾಪುರದಿಂದ ದೂರ ಹೋಗಬೇಕಾಗಿಲ್ಲ. 1853ರಲ್ಲಿ ಇಪ್ಪತ್ತೊಂದು ವಯಸ್ಸಿನ ಜರ್ಮನ್ ಯುವಕನೊಬ್ಬ ಬಾಸೆಲ್ ಮಿಶನ್ನಿನ ಕೆಲಸಕ್ಕೆಂದು ಇದೇ ಧಾರವಾಡಕ್ಕೆ ಬಂದ. ಮಿಶನ್ನು ಇಲ್ಲಿ 1837ರಲ್ಲಿ, ಹುಬ್ಬಳ್ಳಿಯಲ್ಲಿ 1839ರಲ್ಲಿ ಕಾಲಿಟ್ಟಿತ್ತು. ಆ ಯುವಕ ಫರ್ಡಿನಾಂಡ್ ಕಿಟೆಲ್. ನಲವತ್ತೊಂದು ವರ್ಷಗಳ ನಂತರ, 1894ರಲ್ಲಿ, ಮಂಗಳೂರಿನಿಂದ ಅವನ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು. ಸುಮಾರು ಎಪ್ಪತ್ತು ಸಾವಿರ ಪದಗಳು, ಸಾವಿರದ ಏಳುನೂರಕ್ಕೂ ಹೆಚ್ಚು ಪುಟಗಳು. ನಾವು ಆ ಗ್ರಂಥಕ್ಕೆ ಕೈಮುಗಿದು ಸುಮ್ಮನಾಗುತ್ತೇವೆ. ಭಾಷೆ ಕಲಿಯಲು ಹೊರಟ ಒಬ್ಬನ ಓದಿನ ದಿನಚರಿಯೆಂದು ಅದನ್ನು ನೋಡಿದವರು ಕಡಿಮೆ. ಹಾಗೆ ನೋಡಿದಾಗಲೇ ಅದು ನಮ್ಮ ವಿದ್ಯಾರ್ಥಿಗೆ ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ಅನಿಸಿಕೆ.

ಕಿಟೆಲ್‌ಗೂ ಮೊದಲು ರೀವ್‌ನ ನಿಘಂಟು ಇತ್ತು. 1832ರಷ್ಟು ಹಿಂದೆಯೇ ಅಚ್ಚಾಗಿತ್ತು. ಪದಕ್ಕೆ ಅರ್ಥ ಹೇಳುವುದಷ್ಟೇ ಗುರಿಯಾಗಿದ್ದರೆ ಅದನ್ನೇ ತಿದ್ದಿದರೆ ಸಾಕಿತ್ತು. ಕಿಟೆಲ್ ಪದದ ಮುಂದೆ ಅರ್ಥವನ್ನಷ್ಟೇ ಬರೆದು ನಿಲ್ಲುವುದಿಲ್ಲ. ಆ ಪದ ತನಗೆ ಎಲ್ಲಿ ಸಿಕ್ಕಿತು ಎಂಬುದನ್ನೂ ಸಂಕ್ಷೇಪಾಕ್ಷರಗಳಲ್ಲಿ ಗುರುತು ಮಾಡುತ್ತಾನೆ: ಶಬ್ದಮಣಿದರ್ಪಣವೋ, ಬಸವಪುರಾಣವೋ, ಜೈಮಿನಿ ಭಾರತವೋ, ಗಾದೆಮಾತೋ. ಪದಗಳನ್ನು ಬಿಡಿಬಿಡಿಯಾಗಿ ಕಲಿತವನ ಗುರುತುಗಳಲ್ಲ ಇವು. ವಾಕ್ಯದಲ್ಲಿ ಎದುರಾದ ಪದವನ್ನು ಅದರ ಮನೆಯ ವಿಳಾಸದೊಂದಿಗೆ ಬರೆದಿಟ್ಟುಕೊಂಡವನ ಗುರುತುಗಳು.

ಇದರ ಮಹತ್ವ ತಿಳಿಯಲು ನಮ್ಮದೇ ಒಂದು ಕ್ರಿಯಾಪದ ತೆಗೆದುಕೊಳ್ಳೋಣ: ‘ಹತ್ತು’. ಗುಡ್ಡ ಹತ್ತುತ್ತೇವೆ, ಬಸ್ಸು ಹತ್ತುತ್ತೇವೆ. ಒಲೆಯ ಬೆಂಕಿ ಹತ್ತುತ್ತದೆ, ಅನ್ನ ತಳ ಹತ್ತುತ್ತದೆ. ಮನೆ ಕಟ್ಟಲು ರೊಕ್ಕ ಹತ್ತುತ್ತದೆ. ಧಾರವಾಡದಲ್ಲಿ ಮಳೆ ‘ಬರಾಕ ಹತ್ತತದ’. ಹುಚ್ಚೂ ಹತ್ತುತ್ತದೆ. ಈ ಪದಕ್ಕೆ ಎದುರಾಗಿ ಇಂಗ್ಲಿಷಿನ ಒಂದೇ ಪದ ಬರೆದು ಬಾಯಿಪಾಠ ಮಾಡಿದವನಿಗೆ ಬಸ್ಸು ಸಿಕ್ಕೀತು, ಅನ್ನ ಸೀದದ್ದು ತಿಳಿಯಲಿಕ್ಕಿಲ್ಲ. ಅಂಟಿಕೊಳ್ಳುವುದು ಎಂಬ ಮೂಲ ಅರ್ಥ ಹಳಗನ್ನಡದ ‘ಪತ್ತು’ವಿನಲ್ಲಿದೆ, ಅಲ್ಲಿಂದ ಟಿಸಿಲೊಡೆದ ಅರ್ಥಗಳು ಹತ್ತಾರು ವಾಕ್ಯಗಳಲ್ಲಿ ಓದಿದಾಗ ಮಾತ್ರ ಒಂದಕ್ಕೊಂದು ಕೂಡುತ್ತವೆ. ಇಂಗ್ಲಿಷಿನ ಸಣ್ಣ ಸಣ್ಣ ಕ್ರಿಯಾಪದಗಳು ನಮ್ಮ ಹುಡುಗರನ್ನು ಕಾಡುವುದೂ ಹೀಗೆಯೇ. ದೊಡ್ಡ ಪದಕ್ಕೆ ಅರ್ಥ ಒಂದೋ ಎರಡೋ. ಸಣ್ಣ ಪದ ಮನೆಮನೆಗೂ ಹೋಗಿ ಬರುತ್ತದೆ, ಅದರ ಹಿಂದೆ ನಾವೂ ತಿರುಗಬೇಕು.

ನಾನು ಕಾಲೇಜಿನಲ್ಲಿದ್ದಾಗ ಇಂಗ್ಲಿಷ್ ಕಾದಂಬರಿಯೊಂದನ್ನು ಹಿಡಿದು, ತಿಳಿಯದ ಪ್ರತಿ ಪದದ ಮೇಲೂ ಪೆನ್ಸಿಲ್ಲಿನಿಂದ ಕನ್ನಡ ಅರ್ಥ ಬರೆಯುತ್ತ ಹೋದೆ. ಮೂವತ್ತನೇ ಪುಟಕ್ಕೆ ಬರುವಷ್ಟರಲ್ಲಿ ಪುಟ ಕಪ್ಪಾಗಿತ್ತು, ಕತೆ ಕೈತಪ್ಪಿತ್ತು. ಆಮೇಲೆ ಆರ್.ಕೆ. ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಸಿಕ್ಕಿತು. ಮೇಷ್ಟ್ರ ಬೆತ್ತ, ಕ್ರಿಕೆಟ್ಟಿನ ಹುಚ್ಚು, ಮನೆಯಲ್ಲಿ ಅಜ್ಜಿ: ಆ ಬದುಕು ನನಗೆ ಗೊತ್ತಿದ್ದದ್ದೇ. ಅರ್ಥಕೋಶ ಮುಚ್ಚಿಟ್ಟರೂ ಓದು ಓಡಿತು, ಏಕೆಂದರೆ ಹೊಸದಾಗಿದ್ದದ್ದು ಭಾಷೆ ಒಂದೇ.

ಕಿಟೆಲ್ ಕೂಡ ಇಂಥದ್ದೇ ದಾರಿಯೊಂದನ್ನು ತುಳಿದಿದ್ದ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಕನ್ನಡನಾಡಿಗೆ ಬಂದ ಒಂಬತ್ತು ವರ್ಷಕ್ಕೆ, 1862ರಲ್ಲಿ, ಅವನು ‘ಕಥಾಮಾಲೆ’ ಪ್ರಕಟಿಸಿದ. ಏಸುವಿನ ಕತೆಯನ್ನು ಕನ್ನಡದ ಛಂದಸ್ಸಿನಲ್ಲಿ ಕಟ್ಟಿದ ಪುಸ್ತಕ ಅದು. ಅದರ ಉದ್ದೇಶ ಧರ್ಮಪ್ರಚಾರ, ಅದರಲ್ಲಿ ಮುಚ್ಚುಮರೆಯಿಲ್ಲ. ಆದರೆ ಕಲಿಯುವವನ ಕಣ್ಣಿನಿಂದ ನೋಡಿದರೆ, ಬಾಲ್ಯದಿಂದ ಬಲ್ಲ ಕತೆಯನ್ನು ಹೊಸ ನುಡಿಯ ಲಯಕ್ಕೆ ಒಗ್ಗಿಸುವ ಅಭ್ಯಾಸವೂ ಅದರಲ್ಲಿದೆ. ಕಠಿಣವಾದದ್ದು ನಂತರ ಬಂತು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನು ನಿಷ್ಠುರ ಸಂಜಯ್ಯನ ವ್ಯಾಖ್ಯಾನದೊಂದಿಗೆ ಅಚ್ಚು ಹಾಕಿಸಿದ, 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು. ಕ್ಲಿಷ್ಟ ಗ್ರಂಥವನ್ನು ಅದೇ ಭಾಷೆಯ ವ್ಯಾಖ್ಯಾನ ಹಿಡಿದು ಓದುವುದು ನಮ್ಮ ಪಂಡಿತರ ಹಳೆಯ ಪದ್ಧತಿ. ಇಂಗ್ಲಿಷ್ ಪದದ ಅರ್ಥವನ್ನು ಇಂಗ್ಲಿಷಿನಲ್ಲೇ ಹೇಳುವ ಅರ್ಥಕೋಶ ಬಳಸಿರೆಂದು ಇಂದು ಮೇಷ್ಟ್ರು ಹೇಳುವುದೂ ಅದನ್ನೇ.

ಇಷ್ಟು ಹೇಳಿದ ಮೇಲೆ ಒಂದು ತಕರಾರು ಎತ್ತಬೇಕು. ‘ಕಿಟೆಲ್ ಪುಸ್ತಕ ಓದಿ ಕನ್ನಡ ಕಲಿತ’ ಎಂಬ ಮೆಚ್ಚುಗೆ ಅರ್ಧ ಸತ್ಯ. ನಿಘಂಟಿನಲ್ಲಿ ಗ್ರಂಥಗಳ ಹೆಸರಿನ ಹಾಗೆಯೇ ಸೀಮೆಗಳ ಹೆಸರೂ ಇವೆ. ಒಂದು ಪದಕ್ಕೆ ಮೈಸೂರು ಎಂಬ ಗುರುತು, ಇನ್ನೊಂದಕ್ಕೆ ದಕ್ಷಿಣ ಮಹಾರಾಷ್ಟ್ರ ಸೀಮೆ ಎಂಬ ಗುರುತು. ಇಂಗ್ಲಿಷರು ಧಾರವಾಡ, ಬೆಳಗಾವಿ ಭಾಗವನ್ನು ಕರೆಯುತ್ತಿದ್ದ ಹೆಸರು ಅದು. ಕನ್ನಡದ ನಿಘಂಟಿನಲ್ಲಿ ನಮ್ಮ ನಡುನೆಲಕ್ಕೆ ಮರಾಠಿಯ ಹೆಸರು ಅಂಟಿಕೊಂಡಿರುವುದನ್ನು ನೋಡಿದಾಗ ಕಸಿವಿಸಿಯಾಗುತ್ತದೆ. ಆದರೂ ಆ ಗುರುತು ಒಂದು ಮಾತಿಗೆ ಸಾಕ್ಷಿ: ಯಾವ ಪದ ಯಾವ ಸೀಮೆಯದೆಂದು ಗುರುತಿಸಬೇಕಾದರೆ ಅಲ್ಲಿಯ ಜನರ ಮಾತಿಗೆ ಕಿವಿಗೊಡಬೇಕು. ಸ್ಥಳೀಯ ಪಂಡಿತರ ನೆರವೂ ಅವನಿಗಿತ್ತು. ಒಬ್ಬಂಟಿ ಓದುಗನ ಸಾಧನೆಯೆಂದು ಇದನ್ನು ಹೊಗಳಿದರೆ ಅವರನ್ನು ಮರೆತಂತಾಗುತ್ತದೆ.

ಕಿವಿಯ ದಾರಿಗೆ ಧಾರವಾಡದಲ್ಲೇ ಇನ್ನೊಂದು ದೊಡ್ಡ ಹೆಸರಿದೆ. ಬೇಂದ್ರೆಯವರ ಮನೆಮಾತು ಮರಾಠಿ. ಓಣಿಯ ಕನ್ನಡ ಕಿವಿಗೆ ಬಿದ್ದು, ನಾಲಗೆಗೆ ಇಳಿದು, ಕಾವ್ಯವಾಯಿತು. ಅವರ ಸಾಲುಗಳನ್ನು ಬರೀ ಕಣ್ಣಿನಿಂದ ಓದಿದವನಿಗೆ ಅರ್ಧ ದಕ್ಕುವುದಿಲ್ಲ, ಗಟ್ಟಿಯಾಗಿ ಓದಬೇಕು. ಇತ್ತ ಮೈಸೂರು ಸೀಮೆಯ ಬಿ. ವೆಂಕಟಾಚಾರ್ಯರು ಬಂಗಾಳಿ ಕಲಿತು ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಅವರ ಓಣಿಯಲ್ಲಿ ಬಂಗಾಳಿ ಇರಲಿಲ್ಲ, ಬಂಗಾಳಿಯ ಪುಸ್ತಕಗಳಿದ್ದವು. ಓಣಿಯಲ್ಲಿ ಭಾಷೆ ಇಲ್ಲದವನಿಗೆ ಪುಸ್ತಕವೇ ಓಣಿಯಾಗಬೇಕಾಗುತ್ತದೆ. ಕಲಘಟಗಿಯಿಂದಲೋ ನವಲಗುಂದದಿಂದಲೋ ಬಂದ ವಿದ್ಯಾರ್ಥಿಗೆ ಇಂಗ್ಲಿಷು ಅಂಥದ್ದೇ ಭಾಷೆ.

ಹಾಗಾಗಿ ನನ್ನ ಉತ್ತರ ‘ಬರತದ’ ಎಂದೇ, ಆದರೆ ಕರಾರಿನೊಂದಿಗೆ. ಮೊದಲ ಪುಸ್ತಕ ನಿಮಗೆ ಗೊತ್ತಿರುವ ಬದುಕಿನದಾಗಿರಲಿ, ಅಥವಾ ಕನ್ನಡದಲ್ಲಿ ಮೊದಲೇ ಓದಿದ ಕತೆಯಾಗಿರಲಿ. ಪುಟಕ್ಕೆ ಎರಡು ಮೂರು ಪದಕ್ಕಿಂತ ಹೆಚ್ಚು ಹುಡುಕಬೇಡಿ. ಹುಡುಕಿದ ಪದವನ್ನು ಅದು ಬಂದ ವಾಕ್ಯದ ಸಮೇತ ನೋಟುಬುಕ್ಕಿನಲ್ಲಿ ಬರೆಯಿರಿ. ಮೊಬೈಲಿನಲ್ಲಿ ಬೆರಳಿಟ್ಟರೆ ಅರ್ಥ ಕ್ಷಣದಲ್ಲಿ ಬರುತ್ತದೆ, ಅಷ್ಟೇ ಬೇಗ ಹೋಗಿಯೂ ಬಿಡುತ್ತದೆ. ಅದಕ್ಕೆ ವಿಳಾಸ ಇರುವುದಿಲ್ಲ. ದಿನಕ್ಕೊಂದು ಪುಟ ಗಟ್ಟಿಯಾಗಿ ಓದಿ, ಆಲಿಸಲು ಗೆಳೆಯನೊಬ್ಬನಿದ್ದರೆ ಇನ್ನೂ ಒಳ್ಳೆಯದು. ಮೌನವಾಗಿ ಓದಿದ ಭಾಷೆ ತಲೆಯಲ್ಲಿ ಉಳಿಯುತ್ತದೆ, ಗಂಟಲಿಗೆ ಇಳಿಯುವುದಿಲ್ಲ.

ಕಳೆದ ವಾರ ಒಬ್ಬ ಹುಡುಗಿ ತನ್ನ ನೋಟುಬುಕ್ಕು ತಂದು ತೋರಿಸಿದಳು. ಪ್ರತಿ ಇಂಗ್ಲಿಷ್ ಪದದ ಕೆಳಗೆ ಅದು ಬಂದ ವಾಕ್ಯ, ಪಕ್ಕದಲ್ಲಿ ಪುಸ್ತಕದ ಹೆಸರು, ಪುಟಸಂಖ್ಯೆ. ಕೆಲವು ಪದಗಳ ಪಕ್ಕದಲ್ಲಿ ‘ಬಸ್ಸಿನ್ಯಾಗ ಕೇಳಿದ್ದು’ ಎಂದಿತ್ತು. ಕಿಟೆಲ್‌ನ ಹೆಸರನ್ನು ಅವಳು ಕೇಳಿದ್ದಳು, ನಿಘಂಟು ನೋಡಿರಲಿಲ್ಲ. ಗ್ರಂಥಾಲಯಕ್ಕೆ ಕರೆದೊಯ್ದು ತೆರೆದು ತೋರಿಸಿದೆ. ಪುಟದ ತುಂಬ ಇದ್ದ ಗುರುತುಗಳನ್ನು ನೋಡಿ, "ಇವರೂ ನನ್ಹಂಗ ಬರಕೊಂಡಾರಲ್ರೀ ಸರ" ಅಂದಳು.