ಕೂಪನ್ ಕಾಲದ ರಂಗ ಉಡುಪು: ಯುದ್ಧಕಾಲದ ಬ್ರಿಟಿಷ್ ಬ್ಯಾಲೆಯ ಒಂದು ಪರಂಪರೆ

ಎರಡನೆಯ ಮಹಾಯುದ್ಧದ ಕಾಲದ ಬ್ರಿಟಿಷ್ ಬ್ಯಾಲೆಯ ಉಡುಪುಗಳ ಮಾತು ಬಂದಾಗಲೆಲ್ಲ ಒಂದು ವಾದ ಕೇಳಿಬರುತ್ತದೆ. ಬಟ್ಟೆಯ ಅಭಾವವೇ ಆ ಕಾಲದ ವಿನ್ಯಾಸಕಾರರಿಗೆ ಮಿತವ್ಯಯವನ್ನು ಕಲಿಸಿತು, ಮಿತವ್ಯಯದಿಂದ ಸರಳತೆಯೂ ಸರಳತೆಯಿಂದ ಆಧುನಿಕತೆಯೂ ಹುಟ್ಟಿದವು ಎಂಬುದು ಅದರ ಸಾರ. ಕಷ್ಟವು ಕಲೆಯನ್ನು ಹದಗೊಳಿಸುತ್ತದೆ ಎಂಬ ನಂಬಿಕೆಗೆ ಒಗ್ಗುವುದರಿಂದ ಈ ವಾದ ಆಕರ್ಷಕವಾಗಿ ಕಾಣುತ್ತದೆಯಾದರೂ, ಪ್ರದರ್ಶನಗಳ ಕಾಲಾನುಕ್ರಮವನ್ನು ಎದುರಿಗಿಟ್ಟುಕೊಂಡು ನೋಡಿದರೆ ಅದು ನಿಲ್ಲುವುದಿಲ್ಲ.

ಬ್ರಿಟನ್ನಿನಲ್ಲಿ ಬಟ್ಟೆಯ ಪಡಿತರ ಜಾರಿಗೆ ಬಂದದ್ದು 1941ರ ಜೂನ್ 1ರಂದು. ಹಣವಿದ್ದ ಮಾತ್ರಕ್ಕೆ ಉಡುಪನ್ನು ಕೊಳ್ಳುವಂತಿರಲಿಲ್ಲ. ಬೆಲೆಯ ಜೊತೆಗೆ ನಿಗದಿತ ಸಂಖ್ಯೆಯ ಕೂಪನ್‌ಗಳನ್ನೂ ಕೊಡಬೇಕಾಗಿತ್ತು. ಮೊದಲ ವರ್ಷ ವಯಸ್ಕರೊಬ್ಬರಿಗೆ 66 ಕೂಪನ್‌ಗಳು ಸಿಕ್ಕವು, ಒಂದು ಉಣ್ಣೆಯ ಉಡುಗೆಗೇ ಅವುಗಳಲ್ಲಿ 11 ಖರ್ಚಾಗುತ್ತಿದ್ದವು, ಮುಂದಿನ ವರ್ಷಗಳಲ್ಲಿ ಈ ಪಾಲು ಇನ್ನೂ ಇಳಿಯಿತು. 1942ರಲ್ಲಿ ಬಂದ ಮಿತವ್ಯಯದ ನಿಯಮಗಳು ಉಡುಪಿನ ನೆರಿಗೆ, ಜೇಬು, ಗುಂಡಿಗಳಿಗೂ ಮಿತಿ ಹಾಕಿದವು. ಆದರೆ ಫ್ರೆಡರಿಕ್ ಆ್ಯಷ್ಟನ್ ಸಂಯೋಜಿಸಿದ ‘ದಾಂತೆ ಸೊನಾಟಾ’ ರಂಗಕ್ಕೆ ಬಂದದ್ದು 1940ರ ಜನವರಿಯಲ್ಲಿ, ಎಂದರೆ ಬಟ್ಟೆಯ ಕೂಪನ್ ಎಂಬುದರ ಸುಳಿವೂ ಇಲ್ಲದಿದ್ದಾಗ. ಮಿನ್ಸ್ಕ್‌ನಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ್ದ ವಿನ್ಯಾಸಕಾರ್ತಿ ಸೋಫೀ ಫೆಡೊರೊವಿಚ್ ಈ ಕೃತಿಯಲ್ಲಿ ನರ್ತಕರನ್ನು ಬರಿಗಾಲಿನಲ್ಲಿ, ನರ್ತಕಿಯರನ್ನು ಬಿಚ್ಚುಗೂದಲಿನಲ್ಲಿ, ಮೈಗೆ ಸಡಿಲವಾಗಿ ಇಳಿಬಿಟ್ಟ ಉಡುಪಿನಲ್ಲಿ ವೇದಿಕೆಗೆ ತಂದಿದ್ದರು. ಅನವಶ್ಯಕವಾದುದನ್ನು ಒಂದೊಂದಾಗಿ ಕಳಚುತ್ತ ಹೋಗುವುದು ಅವರು ಯುದ್ಧಕ್ಕೆ ಮೊದಲೇ ರೂಢಿಸಿಕೊಂಡಿದ್ದ ಕ್ರಮವಾಗಿತ್ತು. ಆ ಸರಳತೆಯನ್ನು ಪಡಿತರ ಇಲಾಖೆಯ ಖಾತೆಗೆ ಜಮಾ ಮಾಡುವುದು ಕಲಾವಿದೆಯೊಬ್ಬರಿಗೆ ಮಾಡುವ ಅನ್ಯಾಯ.

ಯುದ್ಧವು ಈ ಪರಂಪರೆಗೆ ಕೊಟ್ಟ ಮೊದಲ ಪೆಟ್ಟು ಅಭಾವಕ್ಕಿಂತ ನೇರವಾದದ್ದು. ನಿನೆಟ್ ಡ ವಾಲ್ವಾ ಕಟ್ಟಿ ಬೆಳೆಸಿದ, ಇಂದು ರಾಯಲ್ ಬ್ಯಾಲೆ ಎನಿಸಿಕೊಂಡಿರುವ ಸ್ಯಾಡ್ಲರ್ಸ್ ವೆಲ್ಸ್ ತಂಡವು 1940ರ ಮೇ ತಿಂಗಳಲ್ಲಿ ಹಾಲೆಂಡಿನ ಪ್ರವಾಸದಲ್ಲಿದ್ದಾಗ ಜರ್ಮನ್ ಸೇನೆ ಆ ದೇಶದ ಮೇಲೆ ದಾಳಿ ಮಾಡಿತು. ನರ್ತಕರು ಸರಕು ಹಡಗೊಂದನ್ನು ಹತ್ತಿ ಪಾರಾದರು. ಆರು ಬ್ಯಾಲೆಗಳ ಉಡುಪು, ರಂಗಸಜ್ಜು ಮತ್ತು ಸಂಗೀತದ ಹಾಳೆಗಳು ಅಲ್ಲಿಯೇ ಉಳಿದವು. ಇವುಗಳಿಗೆ ಮುಂದೆ ಒದಗಿದ ಗತಿ ಒಂದೇ ಬಗೆಯದಲ್ಲ. ‘ಫಸಾದ್’ ಕೃತಿಗೆ ಜಾನ್ ಆರ್ಮ್‌ಸ್ಟ್ರಾಂಗ್ ಅದೇ ವರ್ಷ ಹೊಸ ವಿನ್ಯಾಸ ಮಾಡಿಕೊಟ್ಟರು. ‘ದ ರೇಕ್ಸ್ ಪ್ರೋಗ್ರೆಸ್’ 1942ರಲ್ಲಿ ಮರಳಿತು, ಆದರೆ ಅದರ ವಿನ್ಯಾಸಕಾರ ರೆಕ್ಸ್ ವಿಸ್ಲರ್ 1944ರಲ್ಲಿ ನಾರ್ಮಂಡಿಯ ಯುದ್ಧಭೂಮಿಯಲ್ಲಿ ಮಡಿದರು. ಚದುರಂಗದ ಕಾಯಿಗಳನ್ನೇ ಪಾತ್ರಗಳಾಗಿಸಿದ್ದ ‘ಚೆಕ್‌ಮೇಟ್’ 1947ರವರೆಗೆ ಕಾಯಬೇಕಾಯಿತು. ‘ಹಾರಸ್ಕೋಪ್’ ಮತ್ತೆ ರಂಗಕ್ಕೆ ಬರಲೇ ಇಲ್ಲ. ಬ್ಯಾಲೆಯಲ್ಲಿ ಉಡುಪು ಕೃತಿಯ ಹೊರಗಿನ ಅಲಂಕಾರವೆಂದು ಭಾವಿಸುವವರು ಈ ನಾಲ್ಕು ಉದಾಹರಣೆಗಳನ್ನು ಗಮನಿಸುವುದು ಒಳ್ಳೆಯದು.

ಬಟ್ಟೆ ದುರ್ಲಭವಾದಾಗ ವಿನ್ಯಾಸಕಾರರೆಲ್ಲರೂ ಸರಳತೆಯ ಕಡೆಗೆ ಹೊರಳಿದರೆಂದೂ ಹೇಳಲಾಗದು. 1942ರಲ್ಲಿ ರಾಬರ್ಟ್ ಹೆಲ್ಪ್‌ಮನ್ ಸಂಯೋಜಿಸಿದ ‘ಹ್ಯಾಮ್ಲೆಟ್’ ಬ್ಯಾಲೆಗೂ ಮರುವರ್ಷದ ‘ಸ್ವಾನ್ ಲೇಕ್’ಗೂ ಚಿತ್ರಕಾರ ಲೆಸ್ಲೀ ಹರ್ರಿ ರೂಪಿಸಿದ ರಂಗಲೋಕವು ಕನಸಿನ ವಿಕಾರಗಳಿಂದ, ಗಾಢವಾದ ಬಣ್ಣಗಳಿಂದ ತುಂಬಿ ತುಳುಕುವಂಥದ್ದು. ಜಾನ್ ಪೈಪರ್, ಗ್ರಹಾಂ ಸದರ್‌ಲೆಂಡ್, ಎಡ್ವರ್ಡ್ ಬರ್ರಾ ಮೊದಲಾದ ಚಿತ್ರಕಾರರೂ ಇದೇ ವರ್ಷಗಳಲ್ಲಿ ಬ್ಯಾಲೆಗೆ ಕೆಲಸ ಮಾಡಿದರು. ನೇಯ್ದ ಬಟ್ಟೆ ಸಿಗದಿದ್ದಾಗ ಬಳಿದ ಬಣ್ಣ ಅದರ ಕೆಲಸವನ್ನು ಮಾಡಬಲ್ಲದಾದ್ದರಿಂದ, ಅಭಾವವು ಅಲಂಕರಣಕ್ಕೆ ಅಡ್ಡಿಯಾಗುವ ಬದಲು ಅದರ ಸಾಮಗ್ರಿಯನ್ನಷ್ಟೇ ಬದಲಿಸಿತು ಎನ್ನುವುದು ಹೆಚ್ಚು ಸರಿ.

ಈ ಮಾತಿಗೆ ಅತ್ಯಂತ ಬಲವಾದ ಸಾಕ್ಷ್ಯ 1946ರಲ್ಲಿದೆ. ಯುದ್ಧ ಮುಗಿದಿದ್ದರೂ ಕೂಪನ್ ಮುಗಿದಿರಲಿಲ್ಲ. ಯುದ್ಧದುದ್ದಕ್ಕೂ ಸಾರ್ವಜನಿಕರ ನೃತ್ಯಶಾಲೆಯಾಗಿದ್ದ ಕವೆಂಟ್ ಗಾರ್ಡನ್‌ನ ರಂಗಮಂದಿರ ಫೆಬ್ರುವರಿ 20ರಂದು ಸ್ಯಾಡ್ಲರ್ಸ್ ವೆಲ್ಸ್ ತಂಡದ ‘ದ ಸ್ಲೀಪಿಂಗ್ ಬ್ಯೂಟಿ’ಯೊಂದಿಗೆ ಮತ್ತೆ ತೆರೆಯಿತು. ವಿನ್ಯಾಸಕಾರ ಆಲಿವರ್ ಮೆಸೆಲ್ ಯುದ್ಧಕಾಲದಲ್ಲಿ ಸೇನೆಯ ಮರೆಮಾಚುವಿಕೆಯ ವಿಭಾಗದಲ್ಲಿದ್ದು, ಕಾಂಕ್ರೀಟಿನ ಕಾವಲುಗೂಡುಗಳಿಗೆ ಬೇರೆ ಕಟ್ಟಡಗಳ ವೇಷ ತೊಡಿಸಿದವರು. ಇಲ್ಲದ್ದನ್ನು ಇದೆ ಎನಿಸುವ ಆ ವಿದ್ಯೆ ಅರಮನೆಯನ್ನು ಕಟ್ಟುವಾಗಲೂ ಉಪಯೋಗಕ್ಕೆ ಬಂತು. ಪೈಪ್ ಶುಚಿಗೊಳಿಸುವ ತಂತಿಯಂಥ ಅಗ್ಗದ ವಸ್ತುಗಳಿಂದ ಅವರು ಕಿರೀಟಗಳನ್ನು ಹೆಣೆಯಬಲ್ಲವರಾಗಿದ್ದರು. ರಂಗಮಂದಿರದ ಸಿಬ್ಬಂದಿಯೂ ತಮ್ಮ ಪಾಲಿನ ಕೂಪನ್‌ಗಳನ್ನು ಕೊಟ್ಟು ನೆರವಾದರು. ಹೀಗೆ ಸಿದ್ಧವಾದದ್ದು ರಾಜವೈಭವದ ಭ್ರಮೆ. ಎರಡು ತಿಂಗಳ ನಂತರ, ಏಪ್ರಿಲ್ 24ರಂದು, ಅದೇ ರಂಗಮಂದಿರದಲ್ಲಿ ಆ್ಯಷ್ಟನ್‌ರ ‘ಸಿಂಫೋನಿಕ್ ವೇರಿಯೇಷನ್ಸ್’ ಪ್ರದರ್ಶನಗೊಂಡಿತು: ಬಹುಮಟ್ಟಿಗೆ ಬಿಳಿಯ ಚಿಕ್ಕ ಉಡುಪು ತೊಟ್ಟ ಆರೇ ನರ್ತಕರು, ಅವರ ಹಿಂದೆ ಹಸಿರು ಮಿಶ್ರಿತ ಹಳದಿಯ ಪರದೆ, ಅದರ ಮೇಲೆ ಬಳುಕುವ ಕೆಲವು ಗೆರೆಗಳು. ವಿನ್ಯಾಸ ಮತ್ತೆ ಫೆಡೊರೊವಿಚ್‌ರದು. ಒಂದೇ ತಂಡ, ಒಂದೇ ವೇದಿಕೆ, ಒಂದೇ ಅಭಾವ ಇಷ್ಟು ದೂರದ ಎರಡು ಶೈಲಿಗಳಿಗೆ ಎಡೆಕೊಟ್ಟಿರುವಾಗ ಶೈಲಿಯ ಮೂಲವನ್ನು ಅಭಾವದಲ್ಲಿ ಹುಡುಕುವುದರಲ್ಲಿ ಅರ್ಥವಿಲ್ಲ. ಇವೆರಡರಲ್ಲಿ ಕಲೆಯಾಗಿ ಹೆಚ್ಚು ಕಾಲ ಬಾಳುವ ಗುಣ ಫೆಡೊರೊವಿಚ್‌ರ ಕೆಲಸಕ್ಕಿದೆ. ಮೆಸೆಲ್‌ರ ವೈಭವಕ್ಕೆ ಅಂದಿನ ಪ್ರೇಕ್ಷಕರ ಹಸಿವೂ ಅರ್ಧ ಕಾರಣ.

ಆ ಹಸಿವು ಬೀದಿಯ ಫ್ಯಾಷನ್ನಿನಲ್ಲಿಯೂ ಇತ್ತು. ಟೂಟೂ ಎಂದರೆ ತೆಳುವಾದ ಜಾಲರಿ ಬಟ್ಟೆಯ ಹಲವು ಪದರಗಳನ್ನು ನೆರಿಗೆ ಹಿಡಿದು ಸೊಂಟದಿಂದ ಹೊರಕ್ಕೆ ಚಾಚಿಸಿ ಹೊಲಿದ ನರ್ತಕಿಯ ಲಂಗ; ಜೇಬಿನ ಲೆಕ್ಕವನ್ನೂ ಸರ್ಕಾರವೇ ಇಡುತ್ತಿದ್ದ ಕಾಲದಲ್ಲಿ ಅದಕ್ಕಿಂತ ದೊಡ್ಡ ದುಂದು ಇನ್ನೊಂದಿರಲಾರದು. ಪ್ಯಾರಿಸ್ಸಿನಲ್ಲಿ ಈ ಎರಡು ಲೋಕಗಳ ಸಂಬಂಧ ಇನ್ನೂ ನೇರವಾಗಿತ್ತು. 1945ರಲ್ಲಿ ಫ್ರೆಂಚ್ ಫ್ಯಾಷನ್ ಉದ್ಯಮವು ಬಟ್ಟೆಯಿಲ್ಲದ ಕಾರಣ ತಂತಿಯ ಪುಟ್ಟ ಬೊಂಬೆಗಳಿಗೆ ಉಡುಪು ತೊಡಿಸಿ ಏರ್ಪಡಿಸಿದ ‘ತೆಯಾತ್ರ್ ದ ಲಾ ಮೋದ್’ ಪ್ರದರ್ಶನದ ಹಿಂದೆ ಬ್ಯಾಲೆಗೆ ವಿನ್ಯಾಸ ಮಾಡುತ್ತಿದ್ದ ಕ್ರಿಸ್ಟಿಯಾನ್ ಬೆರಾರ್, ರಷ್ಯನ್ ಬ್ಯಾಲೆ ನಿರ್ಮಾಪಕ ದಿಯಾಗಿಲೆವ್‌ರ ಕಾರ್ಯದರ್ಶಿಯಾಗಿದ್ದ ಬೋರಿಸ್ ಕೋಚ್ನೋ ಇದ್ದರು. 1947ರ ಫೆಬ್ರುವರಿಯಲ್ಲಿ ಕ್ರಿಸ್ಟಿಯಾನ್ ದಿಯೋರ್ ಬಿಗಿಸೊಂಟದ, ಅಗಲ ಲಂಗದ ‘ನ್ಯೂ ಲುಕ್’ ತಂದಾಗ ಸಾಮಾನ್ಯ ಹೆಂಗಸಿನ ಆಕೃತಿ ನರ್ತಕಿಯ ಆಕೃತಿಗೆ ಹತ್ತಿರವಾಯಿತು. ಅಮೆರಿಕದಲ್ಲಿ ಸಂಬಂಧ ಪಾದದಿಂದ ಹುಟ್ಟಿತು: 1943ರಲ್ಲಿ ಅಲ್ಲಿ ಚರ್ಮದ ಪಾದರಕ್ಷೆಗಳಿಗೆ ಪಡಿತರ ಬಂದಾಗ, ಆ ಕಟ್ಟುಪಾಡಿಗೆ ಸಿಲುಕದ ಬ್ಯಾಲೆ ಚಪ್ಪಲಿಗೆ ಗಟ್ಟಿ ಅಟ್ಟೆ ಹಾಕಿಸಿ ಬೀದಿಗೆ ತಂದ ವಿನ್ಯಾಸಕಾರ್ತಿ ಕ್ಲೇರ್ ಮೆಕಾರ್ಡೆಲ್, ಅವನ್ನು ತಯಾರಿಸಿಕೊಟ್ಟದ್ದು ನೃತ್ಯದ ಪಾದರಕ್ಷೆಗಳ ಕಪೇಜ಼ಿಯೊ ಸಂಸ್ಥೆ.

ವಿಮರ್ಶೆ ಈ ಪರಂಪರೆಯ ಒಂದು ಭಾಗವನ್ನು ಬಹುಕಾಲ ಕಡೆಗಣಿಸಿದೆ. ವಿನ್ಯಾಸಕಾರರು ಬರೆದ ರೇಖಾಚಿತ್ರಗಳು ಚೌಕಟ್ಟು ಸೇರಿ ಸಂಗ್ರಹಾಲಯದಲ್ಲಿವೆ. ಅವನ್ನು ಉಡುಪಾಗಿಸಿ, ಬೆವರಿಗೆ ಸವೆದದ್ದನ್ನು ರಾತ್ರಿಯೇ ತೇಪೆ ಹಾಕಿ, ಮರುದಿನದ ಪ್ರವಾಸಕ್ಕೆ ಅಣಿಮಾಡಿದ ಉಡುಪು ಕೋಣೆಯ ಹೆಂಗಸರ ಕೆಲಸ ಸವೆದು ಹೋಗುವುದಕ್ಕೆಂದೇ ಇದ್ದದ್ದು. ರೇಷ್ಮೆಯೆಲ್ಲ ಯುದ್ಧದ ಅಗತ್ಯಗಳ ಪಾಲಾಗಿದ್ದಾಗ ಕಾಲುಚೀಲದ ಹರಿದ ಎಳೆಯನ್ನು ಕೂಡಿಸುವುದೂ ಪರಿಣತಿಯೇ ಆಗಿತ್ತು. ಅಭಾವವು ನಿಜವಾಗಿ ಏನನ್ನಾದರೂ ಕಲಿಸಿದ್ದರೆ ಕಲಿಸಿದ್ದು ಈ ಕೋಣೆಗೆ.

ಪಡಿತರ 1949ರ ಮಾರ್ಚ್‌ನಲ್ಲಿ ಕೊನೆಗೊಂಡಿತು, ಅದೇ ವರ್ಷದ ಅಕ್ಟೋಬರಿನಲ್ಲಿ ಮೆಸೆಲ್‌ರ ‘ಸ್ಲೀಪಿಂಗ್ ಬ್ಯೂಟಿ’ ನರ್ತಕಿ ಮಾರ್ಗೊ ಫಾಂಟೇನ್‌ರೊಂದಿಗೆ ನ್ಯೂಯಾರ್ಕನ್ನು ಗೆದ್ದಿತು. 2006ರಲ್ಲಿ ರಾಯಲ್ ಬ್ಯಾಲೆ ಆ ವಿನ್ಯಾಸಗಳಿಗೆ ಪೀಟರ್ ಫಾರ್ಮರ್‌ರಿಂದ ಕೆಲವನ್ನು ಸೇರಿಸಿ, ಕೊರತೆಯಿಲ್ಲದ ಬಟ್ಟೆಯಲ್ಲಿ ಮತ್ತೆ ರಂಗಕ್ಕೆ ತಂದಿತು. ಇಂದಿನ ಪ್ರೇಕ್ಷಕರು ಅಲ್ಲಿ ನೋಡುವುದು ಮೆಸೆಲ್‌ರ ರೇಖೆಯನ್ನು. 1946ರ ಉಡುಪನ್ನು ಅದರಿಂದ ಅಳೆಯಲು ಬರುವುದಿಲ್ಲ.