ಆಲ್ಟರ್ನೇಟರಿಗೆ ಹೆಪ್ಪು

ಹಳೆಯ ಕಾರಿನ ಡೈನಮೋ ಕಿತ್ತು ಆಲ್ಟರ್ನೇಟರ್ ಕೂರಿಸುವುದು ಸರಿಯೋ ತಪ್ಪೋ, ಈ ವಾರ ಹೇಳಿಬಿಡುತ್ತೇನೆಂದು ಮಾತು ಕೊಟ್ಟಿದ್ದೆ. ಕಾರು ಹುಟ್ಟುವಾಗ ಏನಿತ್ತೋ ಅದೇ ಇರಬೇಕು ಎನ್ನುವುದು ಡೈನಮೋ ಪಕ್ಷದವರ ಹಟ. ಮಳೆಯ ರಾತ್ರಿ ಸಿಗ್ನಲ್ಲಿನಲ್ಲಿ ನಿಂತಾಗ ಹೆಡ್‌ಲೈಟು ಹಳದಿಗೆ ತಿರುಗಿ ವೈಪರ್ ಏದುಸಿರು ಬಿಡುವುದನ್ನು ನೋಡಿಯೂ ಹಾಗೆನ್ನುವವರ ಜತೆ ನಾನು ಜಗಳಕ್ಕೆ ನಿಲ್ಲುವುದಿಲ್ಲ. ಅಮೆರಿಕದ ಕ್ರೈಸ್ಲರ್ ಕಂಪನಿ 1960ರ ವ್ಯಾಲಿಯಂಟಿನಲ್ಲೇ ಆಲ್ಟರ್ನೇಟರ್ ಕೊಟ್ಟಾಗಿತ್ತು.

ಈಗ ನನ್ನ ಸಿಟ್ಟು ಬೇರೆಯವರ ಮೇಲೆ. ಡ್ಯಾಶ್‌ಬೋರ್ಡಿನ ಬಲ್ಬುಗಳನ್ನೆಲ್ಲ ಎಲ್‌ಇಡಿ ಮಾಡಿಕೊಡುವವರ ಮೇಲೆ.

ನಾನೂ ಮಾಡಿಸಿದೆ, ಸುಳ್ಳೇಕೆ. ನನ್ನ ಪದ್ಮಿನಿಗೆ ಹಿಂದಿನ ಮಾಲೀಕರೇ ಆಲ್ಟರ್ನೇಟರ್ ಹಾಕಿಸಿದ್ದರು, ಚಾರ್ಜಿಂಗಿಗೆ ಎಂದೂ ತೊಂದರೆ ಇರಲಿಲ್ಲ. ಮೀಟರು ಮಂಕಾಯಿತೆಂದು ಒಂದು ಅಂಗಡಿಗೆ ಹೋದೆ. ಹುಡುಗ ಹತ್ತು ನಿಮಿಷದಲ್ಲಿ ಎಲ್ಲವನ್ನೂ ಬದಲಿಸಿದ. "ಚಾರ್ಜಿಂಗ್ ಲೈಟು ಆರ್ತಾನೇ ಇಲ್ವಲ್ಲಪ್ಪ" ಎಂದೆ. "ಎಲ್‌ಇಡಿ ಅಲ್ವಾ ಸಾರ್, ಸ್ವಲ್ಪ ಹಂಗೇ" ಎಂದ. ನಾಲ್ಕನೇ ದಿನ ಬೆಳಿಗ್ಗೆ ಸೆಲ್ಫ್ ಹೊಡೆದರೆ ಬರೀ ಟಕ್ ಟಕ್. ಎದುರುಮನೆಯವರೂ ಹಾಲು ಹಾಕುವ ಹುಡುಗನೂ ಸೇರಿ ತಳ್ಳಿದರು.

ಬೋನೆಟ್ ಎತ್ತಿ ಬ್ಯಾಟರಿಗೆ ಮಲ್ಟಿಮೀಟರ್ ಹಿಡಿದೆ. ಇಂಜಿನ್ ಐಡಲಿನಲ್ಲಿ ಓಡುತ್ತಿದೆ, ಮುಳ್ಳು 12 ವೋಲ್ಟಿನ ಆಸುಪಾಸಿನಲ್ಲೇ ತೂಕಡಿಸುತ್ತಿದೆ. ಆಕ್ಸಿಲರೇಟರ್ ಕೇಬಲ್ಲನ್ನು ಕೈಯಲ್ಲೇ ಒಮ್ಮೆ ಜೋರಾಗಿ ಎಳೆದೆ. ಛಕ್ಕನೆ 14. ಬಿಟ್ಟರೂ ಇಳಿಯಲಿಲ್ಲ.

ಅಲ್ಲಿಗೆ ಕಳ್ಳ ಸಿಕ್ಕ.

ಆಲ್ಟರ್ನೇಟರಿನ ರೋಟರ್ ಕರೆಂಟು ಹರಿದರಷ್ಟೇ ಅಯಸ್ಕಾಂತ. ಅದು ಅಯಸ್ಕಾಂತವಾದರಷ್ಟೇ ಸುತ್ತಲಿನ ಸ್ಟೇಟರಿನಲ್ಲಿ ಕರೆಂಟು. ಒಮ್ಮೆ ಶುರುವಾದರೆ ತಾನು ಹುಟ್ಟಿಸಿದ್ದರಲ್ಲೇ ಒಂದು ಪಾಲನ್ನು ರೋಟರಿಗೆ ಉಣಿಸಿಕೊಳ್ಳುತ್ತದೆ. ಮೊದಲ ತುತ್ತು ಕೊಡುವವರು ಯಾರು? ಬ್ಯಾಟರಿ. ಯಾವ ದಾರಿಯಲ್ಲಿ? ಆ ಕೆಂಪು ಚಾರ್ಜಿಂಗ್ ಬಲ್ಬಿನ ಮೂಲಕ! ಹಾಲಿಗೆ ಹೆಪ್ಪು ಹಾಕಿದ ಹಾಗೆ. ಎರಡು ವಾಟಿನ ಬಲ್ಬು ಸುಮಾರು 170 ಮಿಲಿಆಂಪಿಯರ್ ಬಿಡುತ್ತದೆ, ಎಲ್‌ಇಡಿ ಬಿಡುವುದು ಇಪ್ಪತ್ತೋ ಏನೋ. ಅಷ್ಟು ಹೆಪ್ಪಿಗೆ ಹಾಲು ಮೊಸರಾಗುವುದಿಲ್ಲ. ದೀಪ ಆರುವುದೂ ಯಾರೋ ಸ್ವಿಚ್ ಒತ್ತಿ ಅಲ್ಲ. ಆಲ್ಟರ್ನೇಟರ್ ಎದ್ದು ಕೂತ ಮೇಲೆ ಬಲ್ಬಿನ ಎರಡೂ ತುದಿಗೆ ಒಂದೇ ವೋಲ್ಟೇಜು, ಹರಿಯಲು ಇಳಿಜಾರೇ ಇಲ್ಲ. ಹೊಸ ಕಾರುಗಳಲ್ಲಿ ಬಹುಪಾಲು ಇದನ್ನೆಲ್ಲ ರೆಗ್ಯುಲೇಟರೇ ನೋಡಿಕೊಳ್ಳುತ್ತದೆ, ಅವರ ಪಾಡು ಅವರಿಗೆ.

ಇಲ್ಲಿ ಡೈನಮೋ ಪಕ್ಷಕ್ಕೆ ಒಂದು ಅಂಕ ಕೊಡಲೇಬೇಕು. 1867ರ ಜನವರಿಯಲ್ಲಿ ಬರ್ಲಿನ್ನಿನ ವಿಜ್ಞಾನ ಅಕಾಡೆಮಿಯ ಮುಂದೆ ವರ್ನರ್ ಸೀಮೆನ್ಸರ ಹೊಸ ಯಂತ್ರದ ವಿವರಣೆ ನಡೆಯಿತು. ಕಬ್ಬಿಣದಲ್ಲಿ ಉಳಿದ ಚೂರು ಅಯಸ್ಕಾಂತತೆಯೇ ಸಾಕು, ಅದು ಕರೆಂಟು ಹುಟ್ಟಿಸುತ್ತದೆ, ಆ ಕರೆಂಟು ಅಯಸ್ಕಾಂತವನ್ನು ಬೆಳೆಸುತ್ತದೆ ಎಂಬುದು ಅದರ ತಿರುಳು. ಮೊಸರಿನ ಮಡಕೆ ತೊಳೆಯದೆ ಹಾಲು ಹೊಯ್ದ ಹಾಗೆ! ಇಂಗ್ಲೆಂಡಿನಲ್ಲಿ ವೀಟ್‌ಸ್ಟೋನ್ ಕೂಡ ಹೆಚ್ಚುಕಡಿಮೆ ಆ ದಿನಗಳಲ್ಲೇ ಇದನ್ನೇ ಹೇಳಿದರು. ಡೈನಮೋಗೆ ಈ ಮಡಕೆಯ ಜಿಡ್ಡು ಸಾಲುತ್ತದೆ. ಆಲ್ಟರ್ನೇಟರಿನಲ್ಲೂ ಜಿಡ್ಡು ಇದೆ, ಆದರೆ ನಡುವೆ ಡಯೋಡುಗಳಿವೆ. ಒಂದೊಂದೂ ಅರ್ಧ ವೋಲ್ಟಿಗಿಂತ ಹೆಚ್ಚು ಸುಂಕ ಕೇಳುತ್ತದೆ. ಆ ಸುಂಕ ಕಟ್ಟುವಷ್ಟು ವೋಲ್ಟೇಜು ಬರಬೇಕಾದರೆ ಇಂಜಿನ್ ಜೋರಾಗಿ ತಿರುಗಬೇಕು. ಸಂಜೆಯ ಬೆಂಗಳೂರಿನಲ್ಲಿ ಅದೆಲ್ಲಿ ಸಾಧ್ಯ?

ಜೆ.ಸಿ. ರಸ್ತೆಗೆ ಹೋಗಿ ಹಳೆಯ ಮಾದರಿಯ ಬಲ್ಬನ್ನೇ ತಂದೆ. ಕೀ ತಿರುಗಿಸಿದರೆ ಕೆಂಪು, ಸೆಲ್ಫ್ ಹೊಡೆದ ಮರುಕ್ಷಣ ಕತ್ತಲೆ. ಮೀಟರು ಮಾತ್ರ ಈಗಲೂ ಎಲ್‌ಇಡಿಯಲ್ಲಿ ಮದುವೆಮನೆಯಂತೆ ಹೊಳೆಯುತ್ತಿದೆ, ಅದನ್ನು ತೆಗೆಸಲು ಮನಸ್ಸು ಬಂದಿಲ್ಲ.

ಡೈನಮೋ ತೀರ್ಪು ಬರುವ ವಾರಕ್ಕೆ.